ಮಿನುಗಿನ ಮೇಲೊಂದು ಅಚ್ಚು

ಅಚ್ಚಿನಿಂದ ಒತ್ತಿದ್ದು ಕಲೆಯಲ್ಲ, ಕೈಯಾರೆ ಬರೆದದ್ದು ಮಾತ್ರ ಕಲೆ ಎಂಬ ತೀರ್ಪು ನಮ್ಮ ನಡುವೆ ಹಳೆಯದು. ತೂತುಗಳಿರುವ ತಟ್ಟೆಯ ಮೇಲೆ ರಂಗೋಲಿ ಪುಡಿ ಸುರಿದು ಎರಡೇ ನಿಮಿಷದಲ್ಲಿ ಎದ್ದುಹೋದವಳನ್ನು, ಚುಕ್ಕಿಯಿಟ್ಟು ಎಳೆ ಕೂಡಿಸುವವಳು ತುಸು ಕನಿಕರದಿಂದಲೇ ನೋಡುತ್ತಿದ್ದಳು. ಅದೇ ತೀರ್ಪು ಈಗ ಬೊರಿವಲಿಯ ಕನ್ನಡ ಮನೆಗಳಲ್ಲಿ ಹೆಣ್ಣುಮಕ್ಕಳ ಉಗುರಿನ ಮೇಲೆ ಬಂದು ಕುಳಿತಿದೆ. ಗ್ಲಿಟರ್ ಪಾಲಿಶ್ ಹಚ್ಚಿ, ಅದರ ಮೇಲೆ ಬಳ್ಳಿಯನ್ನೋ ಜಾಲರಿಯನ್ನೋ ಸ್ಟ್ಯಾಂಪರಿನಿಂದ ಒತ್ತಿಕೊಳ್ಳುವ ಹವ್ಯಾಸ ಮನೆಮನೆಗೆ ಬಂದಿರುವಾಗ, 'ಸಿದ್ಧ ಚಿತ್ರವನ್ನು ಒತ್ತುವುದರಲ್ಲಿ ಯಾವ ಹೆಚ್ಚುಗಾರಿಕೆ?' ಎಂಬ ಪ್ರಶ್ನೆ ನಮ್ಮ ಸಾಹಿತ್ಯ ಬಳಗದ ಹರಟೆಯಲ್ಲೂ ಕೇಳಿಬಂತು. ಕೇಳಿದವರು ಹಿರಿಯರು, ಗೌರವಾನ್ವಿತರು. ಆದರೂ ಈ ಮಾತನ್ನು ನಾವು ಒಪ್ಪಲಾರೆವು.

ಆ ಕೆಲಸವೇನೆಂಬುದನ್ನು ಮೊದಲು ನೋಡಬೇಕು. ತೆಳುವಾದ ಲೋಹದ ತಗಡಿನಲ್ಲಿ ಚಿತ್ರವನ್ನು ನವುರಾಗಿ ಕೊರೆದಿರುತ್ತಾರೆ. ಅದರ ಮೇಲೆ ಸಾಮಾನ್ಯ ಪಾಲಿಶ್‌ಗಿಂತ ದಪ್ಪನೆಯ ಬಣ್ಣವನ್ನು ಸವರಿ, ಸ್ಕ್ರೇಪರನ್ನು ಓರೆಯಾಗಿ ಹಿಡಿದು ಒಮ್ಮೆ ಎಳೆದರೆ ಮೇಲ್ಮೈಯ ಬಣ್ಣವೆಲ್ಲ ಹೋಗಿ ಗೀರುಗಳೊಳಗಿನದು ಮಾತ್ರ ಉಳಿಯುತ್ತದೆ. ಸಿಲಿಕೋನಿನ ಮೆತ್ತನೆಯ ಸ್ಟ್ಯಾಂಪರು ಅದನ್ನು ಎತ್ತಿಕೊಳ್ಳುತ್ತದೆ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸಿದಾಗ ಚಿತ್ರ ಅಲ್ಲಿಗೆ ಇಳಿಯುತ್ತದೆ. ಗಡಿಯಾರದ ಮುಖದ ಮೇಲೆ ಅಂಕಿಗಳನ್ನು, ಪೆನ್ನಿನ ಮೈಮೇಲೆ ಕಂಪೆನಿಯ ಹೆಸರನ್ನು ಮೂಡಿಸುವ ಪ್ಯಾಡ್ ಪ್ರಿಂಟಿಂಗಿನ ತತ್ತ್ವವೂ ಇದೇ. ಉಗುರಿಗೆ ಇದನ್ನು ಒಗ್ಗಿಸಿ ಜನಪ್ರಿಯಗೊಳಿಸಿದ್ದರಲ್ಲಿ ದಕ್ಷಿಣ ಕೊರಿಯಾದ ಕೊನಾಡ್ ಕಂಪೆನಿಯ ಪಾಲು ದೊಡ್ಡದು.

ಇಷ್ಟು ಕೇಳಿದರೆ ಸುಲಭವೆನ್ನಿಸುತ್ತದೆ. ಕೆಳಗಿರುವುದು ಗ್ಲಿಟರ್ ಆದಾಗ ಕಷ್ಟ ಶುರುವಾಗುತ್ತದೆ. ಗ್ಲಿಟರ್ ಎಂದರೆ ಬಣ್ಣವಲ್ಲ. ಅಲ್ಯೂಮಿನಿಯಮ್ ಲೇಪಿಸಿದ ಪ್ಲಾಸ್ಟಿಕ್ ಹಾಳೆಯನ್ನು ಸಣ್ಣಸಣ್ಣ ಷಟ್ಕೋನಗಳಾಗಿ ಕತ್ತರಿಸಿದ ಚೂರುಗಳು ಅವು. ಉಗುರಿನ ಮೇಲೆ ಒಣಗಿದಾಗ ಒಂದು ಚೂರು ಮಲಗಿರುತ್ತದೆ, ಇನ್ನೊಂದು ಓರೆಯಾಗಿ ನಿಂತಿರುತ್ತದೆ. ಅಂಥ ಕಲ್ಲುಮುಳ್ಳಿನ ನೆಲದ ಮೇಲೆ ಅಚ್ಚೊತ್ತಿದರೆ ಚಿತ್ರ ಉಬ್ಬುಗಳಿಗಷ್ಟೇ ತಾಗಿ ತಗ್ಗುಗಳಲ್ಲಿ ತುಂಡಾಗುತ್ತದೆ. ಆದ್ದರಿಂದ ನೆಲ ಹದಮಾಡಬೇಕು. ತೆಳುವಾದ ಒಂದು ಬಣ್ಣದ ಪದರ, ಅದರ ಮೇಲೆ ಸ್ಪಂಜಿನ ಚೂರಿನಿಂದ ತಟ್ಟಿ ತಟ್ಟಿ ಕೂರಿಸಿದ ನುಣುಪು ಗ್ಲಿಟರು, ಮೇಲೆ ಎರಡು ಸಲ ಪಾರದರ್ಶಕ ಟಾಪ್ ಕೋಟು. ಬೆರಳಿನಿಂದ ಸವರಿದರೆ ಗಾಜಿನಂತಿರಬೇಕು. ಆಮೇಲೆ ಕಾಯುವುದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿದ್ದರೆ ಸ್ಟ್ಯಾಂಪರು ಚಿತ್ರ ಕೊಡುವ ಬದಲು ಗ್ಲಿಟರನ್ನೇ ಕಿತ್ತುಕೊಂಡು ಬರುತ್ತದೆ. ಅರ್ಧ ಗಂಟೆಯಾದರೂ ಕೈಕಟ್ಟಿ ಕುಳಿತಿರಬೇಕು, ಮೊಬೈಲನ್ನೂ ಮುಟ್ಟುವಂತಿಲ್ಲ. ಈ ನಗರದಲ್ಲಿ ಅದೊಂದು ತಪಸ್ಸೇ.

ಯಾವ ಚಿತ್ರ ಎಂಬುದೂ ವಿವೇಚನೆಯ ವಿಷಯ. ನೂಲಿನಷ್ಟು ನವುರಾದ ಜಾಲರಿ ಮಿನುಗಿನ ನಡುವೆ ಕಳೆದೇಹೋಗುತ್ತದೆ. ಬೆಳ್ಳಿಯ ಗ್ಲಿಟರಿನ ಮೇಲೆ ಬೆಳ್ಳಿಯ ಅಚ್ಚು ಒತ್ತಿ ನಿರಾಶರಾದವರನ್ನು ನಾವು ಕಂಡಿದ್ದೇವೆ. ದಿಟ್ಟವಾದ ಗೆರೆ, ತುಂಬಿದ ಎಲೆ, ಕಪ್ಪು ಅಥವಾ ಕಡುನೀಲಿ ಬಣ್ಣ: ಇವು ನಿಲ್ಲುತ್ತವೆ. ಕೊನೆಯ ಟಾಪ್ ಕೋಟಿನಲ್ಲಿ ಕುಂಚದ ಕೂದಲು ಚಿತ್ರಕ್ಕೆ ತಾಗಬಾರದು. ತುಂಬು ಹನಿಯೊಂದನ್ನು ಇಳಿಸಿ ಅದನ್ನಷ್ಟೇ ಮೆಲ್ಲಗೆ ಮುಂದೆ ತಳ್ಳಬೇಕು. ಇಲ್ಲವಾದರೆ ಅಷ್ಟು ಹೊತ್ತಿನ ಶ್ರಮ ಮಸಿಯ ಗೀಟಾಗಿ ಹರಡುತ್ತದೆ.

ಬೊರಿವಲಿಯ ಹವೆಯೊಂದು ಬೇರೆ ಇದೆ. ತಗಡಿನ ಮೇಲೆ ಸವರಿದ ಬಣ್ಣ ಕೆಲವೇ ಕ್ಷಣಗಳಲ್ಲಿ ಒಣಗುವುದರಿಂದ ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೆ ಅಚ್ಚು ಏಳುವುದೇ ಇಲ್ಲ. ಮೇ ತಿಂಗಳ ಮಧ್ಯಾಹ್ನ ಒಂದೇ ಕೋಣೆಯ ಮನೆಯಲ್ಲಿ ಫ್ಯಾನು ನಿಲ್ಲಿಸಿ ಹತ್ತು ಉಗುರು ಮುಗಿಸುವವಳ ಸಹನೆಯನ್ನು, ಮತ್ತು ಬೆವರುತ್ತ ಪಕ್ಕದಲ್ಲಿ ಕುಳಿತಿರುವ ಮನೆಯವರ ಸಹನೆಯನ್ನು, ಕಲೆಗೆ ಸಂದ ಕಾಣಿಕೆ ಎನ್ನದೆ ಬೇರೇನೆನ್ನಬೇಕು? ಮಳೆಗಾಲದಲ್ಲಿ ಇನ್ನೊಂದು ತೊಡಕು. ಪಾಲಿಶಿನ ಮೂಲವಸ್ತುವಾದ ನೈಟ್ರೋಸೆಲ್ಯುಲೋಸ್ ಗಾಳಿಯ ತೇವ ಹೆಚ್ಚಿದ್ದಾಗ ಮಬ್ಬುಗಟ್ಟಿ ಬೆಳ್ಳಗಾಗುವುದುಂಟು. ('ಶಿಕಾರಿ'ಯನ್ನು ಬರೆದ ಯಶವಂತ ಚಿತ್ತಾಲರು ವೃತ್ತಿಯಿಂದ ಇಂಥದೇ ಪಾಲಿಮರುಗಳ ತಂತ್ರಜ್ಞರಾಗಿದ್ದರು ಎಂಬುದನ್ನು ಉಗುರುಬಣ್ಣವನ್ನು ಕ್ಷುದ್ರವೆನ್ನುವ ನಮ್ಮ ಸಾಹಿತಿಮಿತ್ರರಿಗೆ ನೆನಪಿಸಬೇಕೆನಿಸುತ್ತದೆ.)

ಅಚ್ಚನ್ನು ಕೀಳೆನ್ನುವುದು ಬರಹಗಾರರ ಬಾಯಲ್ಲಿ ಹೇಗೆ ಬಂದೀತು ಎಂಬುದೇ ನಮಗೆ ಸೋಜಿಗ. 1843ರ ಜುಲೈಯಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಅಲ್ಲಿಂದೀಚೆಗೆ ಕನ್ನಡದ ಪತ್ರಿಕೆ, ಕಾದಂಬರಿ, ಕವನ ಸಂಕಲನ ಎಲ್ಲವೂ ಒತ್ತಿದ ಅಚ್ಚೇ. ಹಸ್ತಪ್ರತಿಗಿಂತ ಮುದ್ರಿತ ಪ್ರತಿ ಕೀಳೆಂದು ಯಾವ ಕವಿಯೂ ತನ್ನ ಸಂಕಲನವನ್ನು ಹಿಂದೆಗೆದುಕೊಂಡಿಲ್ಲ. ಪುಸ್ತಕದಲ್ಲಿ ಬರೆದವನ ಕಲೆ ಅಚ್ಚಿಗಿಂತ ಮೊದಲೇ ಮುಗಿದಿರುತ್ತದೆ, ಉಗುರಿನಲ್ಲಿ ಚಿತ್ರ ಬರೆದವಳು ಬೇರೆ, ಒತ್ತುವವಳು ಬೇರೆ ಎಂಬ ಆಕ್ಷೇಪ ಬರಬಹುದು. ನಿಜ. ಹಾಗಾದರೆ ಒತ್ತುವವಳನ್ನು ಕವಿಗೆ ಹೋಲಿಸದೆ ಮುದ್ರಕನಿಗೆ ಹೋಲಿಸೋಣ. ಮೊಳೆ ಜೋಡಿಸಿ, ಮಸಿಯ ಹದ ನೋಡಿ, ಕಾಗದದ ಒರಟನ್ನು ಅರಿತು ಒತ್ತುತ್ತಿದ್ದ ಹಳೆಯ ಮುದ್ರಕರನ್ನು ಕಂಡವರಾರೂ ಅವರದು ಬರಿಯ ಯಂತ್ರದ ಕೆಲಸವೆಂದು ಹೇಳಲಾರರು.

ಇನ್ನು, ಇದರ ಹಿಂದೆ ಹೊತ್ತಿನ ಪ್ರಶ್ನೆಯೊಂದಿದೆ. ಅದೇ ನಮಗೆ ಮುಖ್ಯ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಸ್ಲೋ ಲೋಕಲಿನಲ್ಲಿ ಒಂದು ಗಂಟೆಯ ದಾರಿ; ಹೋಗಿಬರುವುದಕ್ಕೆ ದಿನಕ್ಕೆ ಎರಡು ಗಂಟೆ. ಮಹಿಳೆಯರ ಡಬ್ಬಿಯಲ್ಲಿ ಕ್ಲಿಪ್ಪು, ಬಿಂದಿ, ಓಲೆಗಳ ಜತೆಗೆ ನೇಲ್ ಪಾಲಿಶನ್ನೂ ಮಾರುವವರು ಹತ್ತುತ್ತಾರೆ. ಅಲ್ಲಿ ಕೊಂಡ ಸಣ್ಣ ಸೀಸೆ ವಾರದ ಕೊನೆಯವರೆಗೆ ಪರ್ಸಿನಲ್ಲೇ ಇರುತ್ತದೆ. ಭಾನುವಾರ ಅಡುಗೆ ಮುಗಿದು, ಬಟ್ಟೆ ಒಣಹಾಕಿ, ಊರಿಗೆ ಫೋನು ಮಾಡಿ ಆದಮೇಲೆ ಸಿಗುವ ಹೊತ್ತಿನಲ್ಲಿ ಅವಳು ಉಗುರಿಗೆ ಕೂರುತ್ತಾಳೆ. ಬಣ್ಣ ಒಣಗುವ ತನಕ ಆ ಕೈಗೆ ಯಾರೂ ಕೆಲಸ ಹೇಳುವಂತಿಲ್ಲ. 'ಅಮ್ಮಾ, ನೀರು ಕೊಡು' ಎಂದರೆ 'ಉಗುರು ಹಸಿ ಉಂಟು, ನೀನೇ ತೆಗೊ ಮಗಾ' ಎನ್ನಬಹುದು. ಊರಿನಲ್ಲಿ ಮದುವೆಯ ಹಿಂದಿನ ರಾತ್ರಿ ಮದರಂಗಿ ಹಚ್ಚಿಕೊಂಡವಳಿಗೆ ಇದ್ದ ರಿಯಾಯಿತಿಯೂ ಇದೇ. ಅದು ಬದುಕಿನಲ್ಲಿ ಒಂದೆರಡು ಸಲ ಸಿಗುತ್ತಿತ್ತು, ಇದನ್ನು ಅವಳೇ ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಾಳೆ. ಪಾರ್ಲರಿಗೆ ಹೋದರೂ ಉಗುರು ಚೆಲುವಾಗುತ್ತದೆ, ಹೊತ್ತು ಮಾತ್ರ ಬೇರೊಬ್ಬರ ಗಡಿಯಾರಕ್ಕೆ ಸೇರಿರುತ್ತದೆ.

ನವರಾತ್ರಿ ಬಂತೆಂದರೆ ಮುಂಬಯಿಯ ಲೋಕಲು, ಕಚೇರಿ, ಬ್ಯಾಂಕುಗಳಲ್ಲಿ ದಿನಕ್ಕೊಂದು ಬಣ್ಣದ ಸೀರೆ. ಒಂಬತ್ತು ದಿನ ಒಂಬತ್ತು ಬಣ್ಣಕ್ಕೆ ಉಗುರು ಬದಲಿಸುವುದು ಯಾರಿಗೂ ಸಾಧ್ಯವಿಲ್ಲ. ಗ್ಲಿಟರನ್ನು ಕೀಳುವುದೇ ಒಂದು ಸಾಹಸ. ಬೆಳ್ಳಿಯ ನೆಲಕ್ಕೆ ಕಪ್ಪು ಅಚ್ಚು ಒತ್ತಿದರೆ ಒಂಬತ್ತೂ ಬಣ್ಣಕ್ಕೆ ಹೊಂದುತ್ತದೆ. ಈ ಉಪಾಯವನ್ನು ನಾವು ಕಲಿತದ್ದು ನೆರೆಯ ಗುಜರಾತಿ ಮನೆಯ ಹುಡುಗಿಯರಿಂದ.

ಆಕ್ಷೇಪಗಳಲ್ಲಿ ಎರಡನ್ನು ನಾವು ತಳ್ಳಿಹಾಕುವುದಿಲ್ಲ. ಪಾಲಿಶ್ ಮತ್ತು ಅಸಿಟೋನ್ ಬಹುಬೇಗ ಬೆಂಕಿ ಹಿಡಿಯುವ ವಸ್ತುಗಳು. ಅಡುಗೆಕಟ್ಟೆಯೂ ಹಜಾರವೂ ಒಂದೇ ಆಗಿರುವ ಮನೆಯಲ್ಲಿ ಒಲೆ ಉರಿಯುವಾಗ ಸೀಸೆ ತೆರೆಯಲೇಬಾರದು, ಕಿಟಕಿ ತೆರೆದಿರಬೇಕು. ಎರಡನೆಯದು ಗ್ಲಿಟರಿನ ಪ್ಲಾಸ್ಟಿಕ್. ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟವನ್ನು ನಿಷೇಧಿಸಿದೆ. ಉಗುರುಬಣ್ಣದೊಳಗಿನದಕ್ಕೆ ಇನ್ನೂ ಕಾಲಾವಕಾಶ ಕೊಟ್ಟಿದೆ. ರಾಷ್ಟ್ರೀಯ ಉದ್ಯಾನದ ತುಳಸಿ ಕೆರೆಯಿಂದ ಹೊರಟು ನಮ್ಮ ಮನೆಗಳ ಪಕ್ಕದಲ್ಲೇ ಹರಿಯುವ ದಹಿಸರ್ ನದಿಯ ಗತಿಯನ್ನು ನೋಡುತ್ತಿರುವವರು ಮಿನುಗನ್ನು ತೊಳೆದು ಮೋರಿಗೆ ಬಿಡಬಾರದು. ಹತ್ತಿಯನ್ನು ಅಸಿಟೋನಿನಲ್ಲಿ ನೆನೆಸಿ ಉಗುರಿನ ಮೇಲಿಟ್ಟು, ಅಡುಗೆಮನೆಯ ಫಾಯಿಲಿನಿಂದ ಸುತ್ತಿ ಹತ್ತು ನಿಮಿಷ ಬಿಟ್ಟರೆ ಚೂರುಗಳು ಹತ್ತಿಗೇ ಅಂಟಿಕೊಂಡು ಬರುತ್ತವೆ. ಆ ಹತ್ತಿ ಒಣ ಕಸದ ಡಬ್ಬಿಗೆ ಹೋಗಲಿ.

ನಮ್ಮ ತಕರಾರು ಬೇರೆಯದು. ಬೊರಿವಲಿ ಸ್ಟೇಷನ್ನಿನ ಪಶ್ಚಿಮದ ಮಾರುಕಟ್ಟೆಯಲ್ಲಿ ಸಿಕ್ಕ ತಗಡುಗಳಲ್ಲಿ ನಾವು ನೋಡಿದ್ದು ಗುಲಾಬಿ, ಚಿಟ್ಟೆ, ಹಿಮದ ಹರಳು, ಐಫೆಲ್ ಗೋಪುರ. ಧಾರವಾಡದ ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆಗಳಿವೆ. ಗವಂತಿ, ಮುರ್ಗಿ ಹೊಲಿಗೆಗಳ ನೇರ ಗೆರೆ ಮತ್ತು ಮೆಟ್ಟಿಲಿನಂಥ ಕೋನಗಳು ಮಿನುಗಿನ ಮೇಲೂ ಕಳೆದುಹೋಗದಷ್ಟು ದಿಟ್ಟವಾದವು. ಇಲಕಲ್ಲು ಸೀರೆಯ ಸೆರಗಿನಲ್ಲಿ ಎಳೆ ಎಣಿಸಿ ಹೊಲಿದ ಆ ತೇರನ್ನು ಹೆಬ್ಬೆರಳ ಉಗುರಿನಗಲಕ್ಕೆ ಇಳಿಸಿ ತಗಡಿನಲ್ಲಿ ಕೊರೆಸುವುದು ಅಸಾಧ್ಯವೇನಲ್ಲ. ಕೊರೆಯುವ ಕೆಲಸ ಬಲ್ಲವರು ಯಾರಾದರೂ ಮುಂದೆ ಬಂದರೆ ಮೊದಲ ತಗಡಿನ ಖರ್ಚನ್ನು ಬಳಗದ ಹೆಂಗಸರು ಕೂಡಿಸಿ ಕೊಡುವುದಾಗಿ ಹೇಳಿದ್ದಾರೆ. ಚಿತ್ರಗಳನ್ನು ಹಳೆಯ ಸೀರೆಗಳಿಂದ ಕಾಗದಕ್ಕೆ ಇಳಿಸುವ ಕೆಲಸ ಈಗಾಗಲೇ ನಡೆದಿದೆ. ಆನೆಯ ಸೊಂಡಿಲು ಮಾತ್ರ ಕಿರುಬೆರಳಿಗೆ ಇನ್ನೂ ಹಿಡಿಸುತ್ತಿಲ್ಲ.