4.3 ಬರಲೇಬೇಕೆ?

ನಾನು ಕಾಮರ್ಸ್ ವಿದ್ಯಾರ್ಥಿನಿ. ಭೌತಶಾಸ್ತ್ರದ ಲ್ಯಾಬಿಗೆ ಹೋದದ್ದು ಒಂದೇ ಸಲ, ಅದೂ ವಿಜ್ಞಾನ ವಿಭಾಗದ ಗೆಳತಿಗೆ ಐಸ್ ತಂದುಕೊಡಲು. ಆದರೂ ಅಲ್ಲಿ ಕಂಡದ್ದರ ಬಗ್ಗೆ ಒಂದು ಮಾತು ಹೇಳಬೇಕೆನಿಸಿದೆ.

ಪ್ರಯೋಗ ಸರಳ. ತಾಮ್ರದ ತಂತಿಯನ್ನೂ ಕಾನ್‌ಸ್ಟಂಟನ್ ಎಂಬ ಮಿಶ್ರಲೋಹದ ತಂತಿಯನ್ನೂ ಜೋಡಿಸಿ, ಒಂದು ಸಂಧಿಯನ್ನು ಐಸಿನಲ್ಲಿ, ಇನ್ನೊಂದನ್ನು ಕುದಿಯುವ ನೀರಿನಲ್ಲಿ ಇಟ್ಟರೆ ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ನೋಡಿ ಇದನ್ನು ಕಾಂತತ್ವ ಅಂದುಕೊಂಡಿದ್ದರಂತೆ. 100 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4.3 ಮಿಲಿವೋಲ್ಟ್ ಬರಬೇಕು. ನಮಗೆ ಬಂದದ್ದು 3.9.

ಗೆಳತಿಯ ಮುಖ ಬಾಡಿತು. ಪಕ್ಕದ ಟೇಬಲಿನವರು ಕಳೆದ ವರ್ಷದ ರೆಕಾರ್ಡ್ ನೋಡಿ 4.3 ಬರೆದು ಮುಗಿಸಿದ್ದರು. ನಾನು ಐಸಿನ ಲೋಟಕ್ಕೆ ಬೆರಳಿಟ್ಟೆ. ಐಸ್ ಯಾವಾಗಲೋ ಕರಗಿ ನೀರಾಗಿತ್ತು! ಥರ್ಮಾಮೀಟರ್ 9 ಡಿಗ್ರಿ ತೋರಿಸಿತು. ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ಎಂದು ಲೆಕ್ಕ ಹಾಕಿದರೆ, ಕಾಣೆಯಾದ 0.4 ಹೆಚ್ಚುಕಡಿಮೆ ಅಲ್ಲೇ ಸಿಕ್ಕಿತು. ಮೀಟರ್ ಸುಳ್ಳು ಹೇಳಿರಲಿಲ್ಲ.

ನಮ್ಮ ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ, ತಪ್ಪು ಸಿಗುವವರೆಗೆ ಹುಡುಕುತ್ತೇವೆ. ಅಂಕಿ ತಿದ್ದಿ ತಾಳೆ ಮಾಡಿದರೆ ಮೇಡಂ ಬಿಡುವುದಿಲ್ಲ. ಲ್ಯಾಬ್ ರೆಕಾರ್ಡಿಗೆ ಮಾತ್ರ ರಿಯಾಯಿತಿ ಏಕೆ? ತಾಳೆಯಾದ ಉತ್ತರಕ್ಕೇ ಅಂಕ ಎಂದಾದರೆ ಐಸ್ ಕರಗಿದ್ದನ್ನು ಯಾರು ನೋಡುತ್ತಾರೆ?

ಅರೆವಾಹಕಗಳಲ್ಲಂತೂ ಕಾಪಿ ಹೊಡೆಯುವುದು ಇನ್ನೂ ಅಪಾಯ. ಸಿಲಿಕಾನ್‌ನಲ್ಲಿ ಡಿಗ್ರಿಗೆ ನೂರಾರು ಮೈಕ್ರೋವೋಲ್ಟ್ ಬರಬಹುದು, ಬೆರೆಸಿದ ಕಲ್ಮಶ ಎಷ್ಟೆಂಬುದರ ಮೇಲೆ ಅದು ಬದಲಾಗುತ್ತದೆ. ತುಂಡು ಎನ್ ಬಗೆಯದೋ ಪಿ ಬಗೆಯದೋ ಎಂದು ತಿಳಿಸುವುದೇ ಪ್ಲಸ್ ಅಥವಾ ಮೈನಸ್ ಚಿಹ್ನೆ. ಮೈನಸ್ ಬಂತೆಂದು ವೈರ್ ತಿರುಗಿಸಿ ಪ್ಲಸ್ ಮಾಡಿಕೊಂಡರೆ ಉತ್ತರವೇ ಕೈಬಿಟ್ಟಂತೆ.

ಮಾಮು ಕೆಲಸ ಮಾಡುವ ಬೇಕರಿಯ ಓವನ್‌ನಲ್ಲೂ ಇಂಥದೇ ಜೋಡಿ ತಂತಿ ಇದೆ. ಮನೆಯಲ್ಲಿ ಈ ಕಥೆ ಹೇಳಿದಾಗ, "ನೀವು ಪುಸ್ತಕದಲ್ಲಿ ಏನಾದರೂ ಬರೆದುಕೊಳ್ಳಿ ಬೇಟಿ, ಬನ್ ಸೀದರೆ ಸೀದದ್ದೇ" ಎಂದು ನಕ್ಕರು.

ಗೆಳತಿ 3.9 ಎಂದೇ ಬರೆದಳು, ಕೆಳಗೆ ಕಾರಣವನ್ನೂ ಬರೆದಳು. ಹತ್ತಕ್ಕೆ ಏಳು ಬಂತು. 4.3 ಬರೆದವರಿಗೆ ಒಂಬತ್ತು. ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಕಾರಣ ಹುಡುಕಿದವರಿಗೆ ಎರಡು ಅಂಕ ಇಡಿ. ವರ್ಷಕ್ಕೊಮ್ಮೆಯಾದರೂ ಕಾಮರ್ಸಿನವರನ್ನು ಲ್ಯಾಬಿನೊಳಗೆ ಬಿಡಿ. ಐಸ್ ನಾವೇ ತರುತ್ತೇವೆ.