ಸರ್ಪಸುತ್ತಿಗೆ ಮೂರೇ ದಿನ ಗಡುವು

ಸರ್ಪಸುತ್ತು ಎದ್ದರೆ ನಮ್ಮ ಜನ ಮೊದಲು ಹುಡುಕುವುದು ಕೆಮ್ಮಣ್ಣು ಹಚ್ಚಿ ಮಂತ್ರ ಹಾಕುವವರನ್ನು. ಹಾವಿನ ತಲೆ–ಬಾಲ ಕೂಡಿದರೆ ಮನುಷ್ಯ ಉಳಿಯೋದಿಲ್ಲ ಅನ್ನೋ ಭಯ ಬೇರೆ.

ಸ್ವಾಮಿ, ಇಲ್ಲಿ ಹಾವೂ ಇಲ್ಲ, ನಾಗದೋಷವೂ ಇಲ್ಲ. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಎದ್ದಿತ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಇದು, ಹರ್ಪಿಸ್ ಬಳಗದ್ದು. ಅಂದಿನಿಂದ ನರದ ಬುಡದಲ್ಲಿ ಅಡಗಿ ಕೂತಿರುತ್ತೆ. ವಯಸ್ಸಾಗಿಯೋ ಕಾಯಿಲೆಯಿಂದಲೋ ಮೈಶಕ್ತಿ ಕುಂದಿದಾಗ ಅದೇ ನರದ ಗುಂಟ ಗುಳ್ಳೆಯಾಗಿ ಏಳುತ್ತೆ. ನರ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ ನಿಲ್ಲುತ್ತೆ. ತಲೆ–ಬಾಲ ಕೂಡುವ ಮಾತೆಲ್ಲಿ ಬಂತು?

ಅಪಾಯ ಇರೋದು ತಡ ಮಾಡೋದರಲ್ಲಿ. ಗುಳ್ಳೆ ಕಂಡ 72 ಗಂಟೆಯೊಳಗೆ ಡಾಕ್ಟರ ಸಲಹೆಯಂತೆ ಅಸೈಕ್ಲೋವಿರ್ ಮಾತ್ರೆ ಶುರುವಾದರೆ ಕಾಯಿಲೆ ಬೇಗ ತಗ್ಗುತ್ತೆ. ಮಣ್ಣು ಮೆತ್ತುತ್ತಾ ಕೂತರೆ ಗಡುವು ದಾಟುತ್ತೆ, ಒಡೆದ ಗುಳ್ಳೆ ಕೀವಾಗುತ್ತೆ. ಗುಳ್ಳೆ ಒಣಗಿದ ಮೇಲೂ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ನರದ ಉರಿ ತಿಂಗಳುಗಟ್ಟಲೆ ಕಾಡುತ್ತೆ. ಹಣೆ, ಮೂಗಿನ ತುದಿಯಲ್ಲಿ ಎದ್ದರಂತೂ ಕಣ್ಣಿಗೇ ಸಂಚಕಾರ.

50 ದಾಟಿದವರಿಗೆ 2023ರಿಂದ ನಮ್ಮ ದೇಶದಲ್ಲೂ ಲಸಿಕೆ ಸಿಗುತ್ತಿದೆ. ಎರಡು ಚುಚ್ಚುಮದ್ದಿಗೆ ಸಾವಿರಾರು ರೂಪಾಯಿ, ಕೂಲಿಯವನಿಗೆ ಎಟುಕದು. ಮಾತ್ರೆಯಾದರೂ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಸದಾ ಇರಲಿ. ಬಸ್ ಸ್ಟ್ಯಾಂಡಿನಲ್ಲಿ 'ಸರ್ಪಸುತ್ತಿಗೆ ಮೂರೇ ದಿನ' ಅಂತ ಒಂದು ಬೋರ್ಡು ನಿಲ್ಲಲಿ. ಹರಕೆ ಹೊತ್ತವರು ತೀರಿಸಲಿ, ಬೇಡ ಅನ್ನೋರು ಯಾರು? ಮೊದಲು ಡಾಕ್ಟರನ್ನು ಕಂಡು ಬರಲಿ.