"ಏನೂ ಆಗಿಲ್ಲ ಸಾರ್!"

ಹದಿನೈದು ವರ್ಷಗಳ ಹಿಂದಿನ ಮಾತು. ಸಂಜೆ ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋಗುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಿನಿಂದ ಬೈಕಿನಲ್ಲಿ ಬಂದ. ಆಗಷ್ಟೇ ಡಿಗ್ರಿ ಮೊದಲ ವರ್ಷಕ್ಕೆ ಸೇರಿದ್ದ ಹುಡುಗ. ನನ್ನನ್ನು ಕಂಡು ಗಾಡಿ ನಿಲ್ಲಿಸಲು ಹೋಗಿ, ರಸ್ತೆ ಬದಿಯ ಜಲ್ಲಿಯ ಮೇಲೆ ಜಾರಿ ಬಿದ್ದ. ವೇಗವೇನೂ ಇರಲಿಲ್ಲ. ತಲೆಯ ಒಂದು ಪಕ್ಕ ಡಾಂಬರಿಗೆ ತಾಗಿತು. ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಬಿದ್ದಿತ್ತು.

ಅರ್ಧ ನಿಮಿಷ ಕಣ್ಣು ಮುಚ್ಚಿದ್ದವನು, ನಾವು ಮುಖಕ್ಕೆ ನೀರು ಚಿಮುಕಿಸುವಷ್ಟರಲ್ಲಿ ಎದ್ದು ಕುಳಿತ. "ಏನೂ ಆಗಿಲ್ಲ ಸಾರ್" ಎಂದು ನಕ್ಕ. ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಸಿದೆ. ಕಾಲೇಜಿನ ಸುದ್ದಿಯನ್ನೆಲ್ಲ ಹೇಳಿದ. "ಮನೆಗೆ ಹೋಗಿ ಮಲಗಪ್ಪಾ, ಸುಸ್ತು ಹೋಗುತ್ತೆ" ಎಂದು ನಾನೇ ಹೇಳಿ ಕಳುಹಿಸಿದೆ.

ಅವನು ಮೇಷ್ಟ್ರ ಮಾತು ಮೀರಲಿಲ್ಲ. ತಲೆನೋವು ಎಂದು ಊಟ ಬಿಟ್ಟು ಮಲಗಿದ. ಬೆಳಗಿನ ಜಾವ ತಾಯಿ ಎಬ್ಬಿಸಲು ಹೋದಾಗ ಉಸಿರು ನಿಂತಿತ್ತು.

ಊರಿನ ಬಾಯಿಗೆ ಬೀಗವಿಲ್ಲ. ಕುಡಿದಿದ್ದ ಎಂದರು ಕೆಲವರು. ಏನೋ ಮಾತ್ರೆ ನುಂಗಿದ್ದ ಎಂದರು ಇನ್ನು ಕೆಲವರು. ಪೊಲೀಸರು ಬಂದು ಶವ ಮಹಜರು ಮಾಡಿ, ಮರಣೋತ್ತರ ಪರೀಕ್ಷೆ ಆಗಬೇಕು ಎಂದಾಗ ಅವನ ತಂದೆ ನನ್ನ ಕೈ ಹಿಡಿದುಕೊಂಡರು. "ಹೋದ ಮಗ ಹೇಗೂ ಹೋದ ಮೇಷ್ಟ್ರೇ, ಇನ್ನು ಅವನನ್ನು ಕೊಯ್ಯೋದು ಯಾಕೆ? ನೀವಾದರೂ ಹೇಳಿ." ನನಗೆ ಉತ್ತರ ಹೊಳೆಯಲಿಲ್ಲ. ಪರೀಕ್ಷೆ ನಡೆಯಿತು. ವರದಿ ಬಂದ ದಿನ ಆ ತಂದೆ ಕೇಳಿದ್ದು ಒಂದೇ ಮಾತು: "ಅವನು ಕುಡಿದಿರಲಿಲ್ಲ ಅಲ್ವಾ ಮೇಷ್ಟ್ರೇ?" ಕುಡಿದಿರಲಿಲ್ಲ. ಮಾತ್ರೆಯನ್ನೂ ನುಂಗಿರಲಿಲ್ಲ. ಅವನನ್ನು ಕೊಂದದ್ದು ತಲೆಬುರುಡೆಯ ಒಳಗೆ ಹೆಪ್ಪುಗಟ್ಟಿದ್ದ ಒಂದು ಹಿಡಿ ರಕ್ತ.

ಬುರುಡೆಯೊಳಗೆ ನಡೆದದ್ದು

ಪರೀಕ್ಷೆ ಮಾಡಿದ ವೈದ್ಯರು ನನ್ನನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಣ್ಣಿಗೂ ಕಿವಿಗೂ ನಡುವಿನ ಭಾಗವನ್ನು ಮುಟ್ಟಿ ನೋಡಿಕೊಳ್ಳಿ. ಅದು ಕಣತಲೆ. ಅಲ್ಲಿ ಬುರುಡೆಯ ಮೂಳೆ ಬಹಳ ತೆಳು. ಅದರ ಒಳಮೈಗೆ ಅಂಟಿಕೊಂಡಂತೆ ಒಂದು ಅಪಧಮನಿ ಹಾದುಹೋಗುತ್ತದೆ. ಮೂಳೆ ಬಿರುಕು ಬಿಟ್ಟಾಗ ಅಪಧಮನಿಯೂ ಹರಿಯಬಹುದು. ಆಗ ರಕ್ತ ಮೂಳೆಗೂ ಮೆದುಳಿನ ಹೊರಪೊರೆಗೂ ನಡುವೆ ತುಂಬತೊಡಗುತ್ತದೆ. ವೈದ್ಯರು ಇದನ್ನು ಎಕ್ಸ್‌ಟ್ರಾಡ್ಯೂರಲ್ ಹೆಮಟೋಮಾ ಎನ್ನುತ್ತಾರೆ.

ಹೊಟ್ಟೆ ಉಬ್ಬಬಹುದು, ಕಾಲು ಊದಬಹುದು. ಬುರುಡೆ ಮಾತ್ರ ಹಿಗ್ಗುವುದಿಲ್ಲ. ಅದು ಮುಚ್ಚಿದ ಡಬ್ಬಿ. ಒಳಗೆ ರಕ್ತ ಹೆಚ್ಚಿದಷ್ಟೂ ಮೆದುಳಿಗೆ ಜಾಗ ಕಡಿಮೆ. ಕೊನೆಗೆ ಮೆದುಳು ಕೆಳಕ್ಕೆ ಒತ್ತಿಕೊಂಡು, ಉಸಿರಾಟವನ್ನು ನಡೆಸುವ ಕೇಂದ್ರವೇ ಅದುಮಿಹೋಗುತ್ತದೆ.

ಇದರಲ್ಲಿ ಮೋಸದ ಭಾಗವೊಂದಿದೆ. ಬಿದ್ದಾಗ ಕ್ಷಣಕಾಲ ಪ್ರಜ್ಞೆ ತಪ್ಪಿದವನು ಮತ್ತೆ ಎಚ್ಚರಗೊಂಡು ಚೆನ್ನಾಗಿಯೇ ಮಾತನಾಡಬಹುದು. ರಕ್ತ ತುಂಬಲು ಸಮಯ ಹಿಡಿಯುತ್ತದಲ್ಲ! ಈ ನಡುವಿನ ಎಚ್ಚರ ಕೆಲವು ನಿಮಿಷ ಇರಬಹುದು, ಹಲವು ಗಂಟೆಗಳೂ ಇರಬಹುದು. ನಾನು ಕಾಫಿ ಕುಡಿಸಿದ್ದು ಆ ಅವಧಿಯಲ್ಲಿ. ಆಗಲೇ ಆಸ್ಪತ್ರೆಗೆ ಒಯ್ದಿದ್ದರೆ, ಬುರುಡೆಯಲ್ಲಿ ರಂಧ್ರ ಕೊರೆದು ರಕ್ತ ಹೊರತೆಗೆದು ಅವನನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ವೈದ್ಯರು ಇದನ್ನು ನನ್ನನ್ನು ನೋಯಿಸಲು ಹೇಳಲಿಲ್ಲ. ಆದರೂ ಬಿ.ಎಸ್ಸಿ. ಓದಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಅದನ್ನು ಮರೆಯಲಾಗಿಲ್ಲ.

ಲಾರೆನ್ಸ್‌ನ ಸಾವು, ಕೇರ್ನ್ಸ್‌ನ ಪ್ರಶ್ನೆ

ಅಪಘಾತದ ಸಾವು ಸಂಭವಿಸಿದಾಗ ವಿಚಾರಣೆ ಏಕೆ? ಕಾನೂನು ಅದನ್ನು ಕೇಳುತ್ತದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿದ್ದ ಈ ವಿಧಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿದೆ. ಆದರೆ ಕಾನೂನಿನ ಆಚೆಗೂ ಒಂದು ಕಾರಣವಿದೆ. ಅದಕ್ಕೆ ಇಂಗ್ಲೆಂಡಿನ ಒಂದು ಕಥೆ ಹೇಳುತ್ತೇನೆ.

'ಲಾರೆನ್ಸ್ ಆಫ್ ಅರೇಬಿಯಾ' ಎಂಬ 1962ರ ಚಲನಚಿತ್ರ ಆರಂಭವಾಗುವುದೇ ಒಂದು ಮೋಟಾರ್‌ಸೈಕಲ್ ಅಪಘಾತದಿಂದ. ಅದು ನಿಜವಾಗಿ ನಡೆದದ್ದು. ಮೊದಲನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಡಾರ್ಸೆಟ್ ಪ್ರಾಂತ್ಯದ ರಸ್ತೆಯಲ್ಲಿ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟಾಯಿತು. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ, ಮೇ 19ರಂದು ತೀರಿಕೊಂಡ. ವಯಸ್ಸು 46.

ಅವನನ್ನು ನೋಡಿದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ಮೆದುಳು ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಲಾರೆನ್ಸ್‌ನನ್ನು ಉಳಿಸಲಾಗಲಿಲ್ಲ. ಆದರೆ ಇಂಥ ಸಾವುಗಳು ತಪ್ಪಿಸಲಾಗದವೇ ಎಂಬ ಪ್ರಶ್ನೆ ಕೇರ್ನ್ಸ್‌ರನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧ ಬಂತು. ಸೈನ್ಯದ ಸಂದೇಶಗಳನ್ನು ಹೊತ್ತ ಯುವಕರು ಹಗಲಿರುಳು ಮೋಟಾರ್‌ಸೈಕಲ್ ಓಡಿಸುತ್ತಿದ್ದರು. ಯುದ್ಧಕ್ಕೆ ಮುಂಚಿನ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ 1,884 ಮೋಟಾರ್‌ಸೈಕಲ್ ಸವಾರರು ಸತ್ತಿದ್ದರು. ಯುದ್ಧ ಶುರುವಾದ ಮೇಲಿನ 21 ತಿಂಗಳಲ್ಲಿ 2,279 ಮಂದಿ ಸತ್ತರು. ಪೆಟ್ರೋಲಿಗೆ ಪಡಿತರ ಬಂದಿದ್ದರೂ ಸಾವು ಶೇಕಡಾ 21ರಷ್ಟು ಏರಿತ್ತು!

ಕೇರ್ನ್ಸ್ ಈ ಅಂಕಿಗಳನ್ನೂ ಗಾಯಗಳ ವಿವರಗಳನ್ನೂ ಒಟ್ಟುಗೂಡಿಸಿದರು. ಹೆಲ್ಮೆಟ್ ಧರಿಸಿದ್ದು ತಲೆಗೆ ಪೆಟ್ಟಾದ ಸವಾರರು ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. 1941ರ ಅಕ್ಟೋಬರ್‌ನಲ್ಲಿ ಈ ಲೇಖನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮರು ತಿಂಗಳೇ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಜನಸಾಮಾನ್ಯರಿಗೆ ಅಲ್ಲಿ ಕಡ್ಡಾಯವಾದದ್ದು 1973ರಲ್ಲಿ. ಅದನ್ನು ನೋಡಲು ಕೇರ್ನ್ಸ್ ಇರಲಿಲ್ಲ; 1952ರಲ್ಲೇ ತೀರಿಕೊಂಡಿದ್ದರು.

ಸತ್ತವರ ಗಾಯಗಳನ್ನು ಯಾರೂ ಬರೆದಿಡದೆ ಹೋಗಿದ್ದರೆ ಇದು ಸಾಧ್ಯವಾಗುತ್ತಿತ್ತೆ? ಆ ತಂದೆಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಇದು.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿಮಿತ್ರರೇ, ಈಗ ಪೆನ್ಸಿಲ್ ಹಿಡಿಯಿರಿ. ಬೈಕಿನ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ನಿಂತ ಗಾಡಿಯಿಂದಲೇ ಬಿದ್ದರೂ ತಲೆ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 5.4 ಮೀಟರ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರ್. ಬರಿಯ ತಲೆ ಡಾಂಬರಿಗೆ ಬಡಿದು ಮೂರು ಮಿಲಿಮೀಟರ್ ಅಂತರದಲ್ಲಿ ನಿಂತಿತು ಎನ್ನೋಣ. ಬಿದ್ದ ಎತ್ತರವನ್ನು ನಿಂತ ಅಂತರದಿಂದ ಭಾಗಿಸಿ. 1500 ಭಾಗಿಸು 3, ಉತ್ತರ 500. ತಲೆ ಅನುಭವಿಸುವ ಸರಾಸರಿ ಋಣ ವೇಗೋತ್ಕರ್ಷ ಗುರುತ್ವದ ಐನೂರು ಪಟ್ಟು! ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಪದರ ಎರಡು ಸೆಂಟಿಮೀಟರ್ ಜಜ್ಜಿಹೋದರೆ? 1500 ಭಾಗಿಸು 20, ಉತ್ತರ 75. ಹೆಲ್ಮೆಟ್ಟಿನ ಕೆಲಸವೇ ತಲೆ ನಿಲ್ಲುವ ದೂರವನ್ನು ಹೆಚ್ಚಿಸುವುದು. ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಹೊಳೆಯುತ್ತಿದ್ದರೂ, ಮತ್ತೆ ಉಪಯೋಗಕ್ಕೆ ಬಾರದು.

ಇನ್ನೊಂದು ಪ್ರಯೋಗ ಮನೆಯಲ್ಲೇ ಮಾಡಿ. ಪಾತ್ರೆಯಲ್ಲಿ ಅರ್ಧ ನೀರು ತುಂಬಿ, ಮೇಲೆ ನಾಲ್ಕು ಕಾಳು ಚಹಾಪುಡಿ ಉದುರಿಸಿ. ನೀರು ನಿಶ್ಚಲವಾದ ಮೇಲೆ ಪಾತ್ರೆಯನ್ನು ಥಟ್ಟನೆ ತಿರುಗಿಸಿ. ಪಾತ್ರೆ ತಿರುಗುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ತಲೆ ಥಟ್ಟನೆ ತಿರುಗಿದಾಗ ಮೆದುಳೂ ಹೀಗೆಯೇ ಹಿಂದುಳಿಯುತ್ತದೆ. ಆದರೆ ಅದು ನೀರಲ್ಲವಲ್ಲ! ಒಳಗಿನ ನರತಂತುಗಳೂ ರಕ್ತನಾಳಗಳೂ ಜಗ್ಗಿ ಹರಿಯುತ್ತವೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬೋರ್ನ್ 1943ರಲ್ಲಿ ಇದನ್ನು ಜೆಲಟಿನ್‌ನಿಂದ ಮಾಡಿದ ಮೆದುಳಿನ ಮಾದರಿಗಳ ಸಹಾಯದಿಂದ ವಿವರಿಸಿದರು.

ತಂದೆತಾಯಿಗಳಿಗೆ ಎರಡು ಮಾತು

ಮಕ್ಕಳ ತಲೆಗೆ ಪೆಟ್ಟು ಬಿದ್ದು, ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದ್ದರೆ, "ಏನೂ ಆಗಿಲ್ಲ" ಎಂಬ ಅವರ ಮಾತನ್ನು ನಂಬಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ. ತಲೆನೋವು ಹೆಚ್ಚುತ್ತಾ ಹೋಗುವುದು, ಮತ್ತೆ ಮತ್ತೆ ವಾಂತಿ, ಮಂಪರು, ತೊದಲು ಮಾತು, ಕೈಕಾಲು ಸೋಲುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು ಸೋರುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ವೈದ್ಯರು ನೋಡಿ ಮನೆಗೆ ಕಳುಹಿಸಿದರೂ ಮೊದಲ 24 ಗಂಟೆ ಯಾರಾದರೂ ಒಬ್ಬರು ಜೊತೆಗಿರಲಿ.

ಹೆಲ್ಮೆಟ್ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. ಅದಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದ ಅಪರಾಧ. ಗಲ್ಲದ ಕೆಳಗಿನ ಪಟ್ಟಿಯನ್ನು ಬಿಗಿಯಾಗಿ ಹಾಕಿಕೊಳ್ಳದಿದ್ದರೆ ಬೀಳುವ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ. ಮಗ ಹಾಕಿಕೊಳ್ಳಬೇಕೆಂದರೆ ಅಪ್ಪ ಮೊದಲು ಹಾಕಿಕೊಳ್ಳಬೇಕು. ಹಾಲು ತರಲು ಪಕ್ಕದ ಬೀದಿಗೆ ಹೋಗುವಾಗಲೂ ಸರಿ; ಒಂದೂವರೆ ಮೀಟರ್ ಎತ್ತರ ಅಲ್ಲಿಯೂ ಒಂದೂವರೆ ಮೀಟರೇ.

ಪ್ರತಿವರ್ಷ ಒಂಬತ್ತನೆಯ ತರಗತಿಗೆ ಚಲನೆಯ ಪಾಠ ಮಾಡುವಾಗ ನಾನು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುತ್ತೇನೆ. ಪರೀಕ್ಷೆಗೆ ಬರುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಬರುವುದಿಲ್ಲ, ಆದರೂ ಬರೆದುಕೊಳ್ಳಿ ಎನ್ನುತ್ತೇನೆ.